ಮಿಸಾನೊದ ಉದ್ದ ತಿರುವು

ಫೊರ್ಮಿಜಿನೆ,
ಜೂನ್ ೧೧, ೧೯೯೧

ಪ್ರೀತಿಯ ಮಗ ಮಿರ್ಕೊನಿಗೆ ಅಮ್ಮನ ಮುತ್ತುಗಳು.

ಮೊನ್ನೆ ಫೋನಿನಲ್ಲಿ ನೀನು ಮಾತಿಗೊಂದು ಸಲ ಕೆಮ್ಮುತ್ತಿದ್ದೆ. ಇಂಗ್ಲೆಂಡಿನವರು ಚಳಿಯಲ್ಲೂ ವರ್ಕ್‌ಶಾಪಿನ ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತಾರಂತೆ. ಅವರ ಹಟ ನಿನಗೆ ಬೇಡ, ಕುತ್ತಿಗೆಗೆ ಏನಾದರೂ ಸುತ್ತಿಕೋ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಂಗಳದ ಚೆರಿ ಈ ಸಲ ಚೆನ್ನಾಗಿ ಬಿಟ್ಟಿತ್ತು. ಅರ್ಧ ಹಕ್ಕಿಗಳಿಗೆ, ಅರ್ಧ ನನಗೆ.

ಫೋನಿನಲ್ಲೇ ಹೇಳಬಹುದಾದ್ದಕ್ಕೆ ಅಮ್ಮ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಕಾತಿಯಾಳ ಹೆಸರು ಎತ್ತುವುದೇ ತಡ, "ಅಮ್ಮಾ, ಇಲ್ಲಿ ಯಾರೋ ಕರೀತಿದಾರೆ, ಇಡ್ತೀನಿ" ಎಂದು ಇಟ್ಟುಬಿಡುತ್ತೀಯ. ನಿನ್ನನ್ನು ಯಾರೂ ಕರೆಯುತ್ತಿರುವುದಿಲ್ಲ ಎಂದು ನನಗೂ ಗೊತ್ತು. ಕಾಗದವಾದರೆ ಸಿಟ್ಟು ಬಂದಾಗ ಮಡಚಿಡಬಹುದು, ಇಳಿದ ಮೇಲೆ ಮತ್ತೆ ಬಿಚ್ಚಬಹುದು. ಆದ್ದರಿಂದ ಬರೆಯುತ್ತಿದ್ದೇನೆ. ಕೊನೆಯವರೆಗೆ ಓದು.

ಹೋದ ಭಾನುವಾರ ಮಿಸಾನೊದ ರೇಸಿನಲ್ಲಿ ನಮ್ಮ ಆಲ್ಫಾ ಕಾರು ಓಡಿತು. ಹೌದು, ನಮ್ಮ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಅದೇ ಹಸಿರು ಆಲ್ಫಾ, ಅದೇ ಎಂಜಿನ್. ಓಡಿಸಿದವಳು ಕಾತಿಯಾ. ಎಂಜಿನ್ ಕಟ್ಟಿದ್ದು ನಾವಿಬ್ಬರು. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡೋಣವೆಂದು.

ಈಗ ನೀನು ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿರುತ್ತೀಯ. ಕೂತುಕೋ ಕಂದ. ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ನೀನು ಫೋನ್ ಮಾಡಿ ಆ ಕಾರನ್ನು ಗುಜರಿಯವನಿಗೆ ಕೊಟ್ಟುಬಿಡು ಎಂದಿದ್ದೆ. ಕೊಡುತ್ತೇನೆ ಎಂದೆ, ಕೊಡಲಿಲ್ಲ. ನಿಮ್ಮಪ್ಪ ಗ್ವೆರ್ರಿನೊ ಆ ಕಾರನ್ನು ಮನೆಗೆ ತಂದ ದಿನ, ನೆರೆಯವರಿಗೆಲ್ಲ ತೋರಿಸಿ ಮುಗಿಯುವವರೆಗೆ ಊಟಕ್ಕೆ ಕೂತಿರಲಿಲ್ಲ. ಅಂಥದ್ದನ್ನು ಕಬ್ಬಿಣದ ತೂಕಕ್ಕೆ ಹಾಕಲು ನನಗೆ ಕೈ ಬರಲಿಲ್ಲ. ಹಾಗೆ ದಿನ ತಳ್ಳುತ್ತಿದ್ದಾಗ ಒಂದು ಶನಿವಾರ ಕಾತಿಯಾ ಬಂದಳು. ನೀವು ಬೇರೆಯಾದ ಮೇಲೆ ಸಾಸ್ಸುವೊಲೊದ ಅಕ್ಕನ ಮನೆಯಲ್ಲಿದ್ದಾಳೆಂದು ನಿನಗೆ ಗೊತ್ತು. ಹೆಂಚಿನ ಕಾರ್ಖಾನೆಯಲ್ಲಿ ಅದೇ ಕೆಲಸ, ಒಲೆಯ ಸಾಲಿನ ಉಸ್ತುವಾರಿ. ಬಂದವಳು ಒಳಗೆ ಬರಲಿಲ್ಲ. ಗೇಟಿನ ಹತ್ತಿರ ನಿಂತೇ ಕೇಳಿದಳು.

"ಅತ್ತೆ, ಆಲ್ಫಾನ ಗುಜರಿಗೆ ಹಾಕ್ತಿದೀರಂತೆ?"

"ಯಾರೇ ಹೇಳಿದ್ದು?"

"ಯಾರೋ. ಹಾಕ್ಬೇಡಿ. ನನಗೆ ಕೊಡಿ. ಕಾರು ಬೇಡ, ಎಂಜಿನ್ ಕೊಟ್ರೆ ಸಾಕು."

"ಕೆಟ್ಟ ಎಂಜಿನ್ ತಗೊಂಡು ಏನ್ ಮಾಡ್ತೀಯ? ತಲೆದಿಂಬು ಮಾಡ್ಕೋತೀಯಾ?"

ಅವಳು ನಗಲಿಲ್ಲ. "ಕಟ್ತೀನಿ," ಎಂದಳು. "ನಾನೇ ಮುರಿದೆ ಅಂತ ಊರೆಲ್ಲ ಅಂತಾರೆ. ಹಾಗಾದ್ರೆ ನಾನೇ ಕಟ್ಬೇಕಲ್ವಾ?"

ಊರೆಲ್ಲ ಅನ್ನುವುದು ನಿಜ, ಮಿರ್ಕೊ. ನೀನು ಇಲ್ಲಿಲ್ಲ, ನಿನಗೆ ಕೇಳಿಸುವುದಿಲ್ಲ. ೧೯೮೮ರ ಸೆಪ್ಟೆಂಬರಿನ ಆ ಭಾನುವಾರ ರೇಸಿಗೆ ನಾನೂ ಮಿಸಾನೊದಲ್ಲಿದ್ದೆ. ಎಲ್ಲರಿಗೂ ಬ್ರೆಡ್ಡು, ಮೊರ್ತದೆಲ್ಲ ಮಾಂಸದ ಹೋಳು ಹಂಚುತ್ತಿದ್ದೆ. ಅವಳು ಎರಡನೆಯ ಸ್ಥಾನದಲ್ಲಿ ಬರುತ್ತಿದ್ದಳು. ಉದ್ದ ತಿರುವಿನಲ್ಲಿ ನೀಲಿ ಹೊಗೆ ಕಂಡಿತು. ಕಾರು ಪಕ್ಕಕ್ಕೆ ಬಂದು ನಿಂತಿತು. ಎಳೆದು ತಂದಾಗ ನೀನು ಓಡಿಹೋಗಿ ಬಾಗಿಲು ತೆಗೆದೆ. ಅವಳ ತಲೆಯ ಮೇಲಿನ ಹೆಲ್ಮೆಟ್ ಇನ್ನೂ ಇಳಿದಿರಲಿಲ್ಲ. ಅಷ್ಟು ಜನರ ಮುಂದೆ ನೀನಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ: "ಮೀಟರಿನಲ್ಲಿ ದಾಟಬಾರದು ಅಂತಿರೋ ಕೆಂಪು ಗೆರೆ ಲಿಪ್‌ಸ್ಟಿಕ್ ಅಂದ್ಕೊಂಡ್ಯೇನೇ?" ಎಲ್ಲರೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಟೈರಿನಂಗಡಿ ಲೋರಿಸ್. ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೆಳಗೆ ಬಿತ್ತು, ಅದಕ್ಕೇ ಎಂಜಿನ್ ಆಫ್ ಮಾಡಿದೆ ಎಂದು ಅವಳು ಹೇಳುತ್ತಲೇ ಇದ್ದಳು. ಗೇರು ತಪ್ಪಿಸಿ ಎಂಜಿನ್ನನ್ನು ಕಿರುಚಿಸಿದವರೆಲ್ಲ ಮುಳ್ಳಿನ ಮೇಲೇ ಹೇಳುವುದು ಎಂದು ನೀನಂದೆ. ಆಮೇಲೆ ನಿಮ್ಮ ಮನೆಯಲ್ಲಿ ಏನೇನು ನಡೆಯಿತೋ ನಾನು ಕೇಳಲಿಲ್ಲ. ಕ್ರಿಸ್ಮಸ್ಸಿಗೆ ಮೊದಲು ಅವಳು ಸಾಸ್ಸುವೊಲೊಗೆ ಹೋಗಿದ್ದಳು, ನೀನು ಇಂಗ್ಲೆಂಡಿಗೆ.

ಗೇಟಿನ ಬಳಿ ನಿಂತವಳಿಗೆ, "ಒಬ್ಬಳೇ ಹೇಗೇ ಕಟ್ತೀಯ? ಒಳಗೆ ಬಾ, ಮೊದಲು ಊಟ ಮಾಡು," ಎಂದೆ. ಅಷ್ಟೇ ನಾನು ಮಾಡಿದ್ದು. ಉಳಿದದ್ದೆಲ್ಲ ಆ ಊಟದಿಂದ ಆಯಿತು.

ಶೆಡ್ಡಿನ ತೊಲೆಗೆ ಸರಪಳಿ ಹಾಕಿ ಎಂಜಿನ್ ಎತ್ತಿದೆವು. ಅವಳು ಕಾರ್ಖಾನೆಯಿಂದ ಬಂದ ಮೇಲೆ ಎರಡು ತಾಸು, ಶನಿವಾರ ಇಡೀ ದಿನ. ಅವಳಿಗೆ ಸ್ಪ್ಯಾನರ್ ಹಿಡಿಯುವುದು ಬರುತ್ತದೆ, ನೀನೇ ಕಲಿಸಿದ್ದು. ನನಗೆ ಬರುವುದು ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅದರ ಉಬ್ಬುಗಳನ್ನು ಸಾಣೆ ಹಿಡಿದವಳು. ಉಳಿದ ಭಾಗಗಳ ಬಗ್ಗೆ ಊಟದ ಮೇಜಿನಲ್ಲಿ ನೀನೂ ನಿಮ್ಮಪ್ಪನೂ ಆಡಿದ ಜಗಳಗಳಿಂದ ಕಲಿತೆ. ನಿಮ್ಮ ಜಗಳಗಳು ವ್ಯರ್ಥವಾಗಲಿಲ್ಲ.

ಮೊದಲು ಹೆಡ್ ಬಿಚ್ಚಿದೆವು. ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದು. ಎಂಜಿನ್ ಮಿತಿಮೀರಿ ತಿರುಗಿದ್ದರೆ ವಾಲ್ವು ಹಿಂದಕ್ಕೆ ಬರುವಷ್ಟರಲ್ಲಿ ಪಿಸ್ಟನ್ ಮೇಲೆ ಬಂದು ಬಡಿಯುತ್ತದೆ, ಎರಡರ ಮೇಲೂ ಗುರುತು ಉಳಿಯುತ್ತದೆ. ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಾಲ್ಕು ಪಿಸ್ಟನ್ನುಗಳ ತಲೆಯನ್ನೂ ಒರೆಸಿ ಬೆಳಕಿಗೆ ಹಿಡಿದೆವು. ಒಂದು ಗೀರಿಲ್ಲ. ವಾಲ್ವುಗಳನ್ನು ಗಾಜಿನ ಮೇಲೆ ಉರುಳಿಸಿದೆವು. ಎಲ್ಲವೂ ನೆಟ್ಟಗಿದ್ದವು. ಕಾತಿಯಾ ವಾಲ್ವುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಜೋಡಿಸಿಟ್ಟು ಕೈ ತೊಳೆಯಲು ಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಅದಾದ ಒಂದೆರಡು ದಿನಕ್ಕೆ, ಅವಳು ಪಾಳಿಯಲ್ಲಿದ್ದ ಒಂದು ಮಧ್ಯಾಹ್ನ, ನಾನೊಬ್ಬಳೇ ಎಂಜಿನ್ ಮಗುಚಿಹಾಕಿ ತಳದ ಆಯಿಲ್ ಚೇಂಬರ್ ಬಿಚ್ಚಿದೆ. ಸುಮ್ಮನೆ ಕೂರಲಾಗಲಿಲ್ಲ. ತಳದಿಂದ ಎಣ್ಣೆ ಹೀರುವ ಕೊಳವೆ ಇದೆಯಲ್ಲ, ಅದನ್ನು ಮುಟ್ಟಿದರೆ ಬಿದ್ದುಹೋಗುವ ಹಲ್ಲಿನಂತೆ ಅಲ್ಲಾಡಿತು. ಅದರ ಕುತ್ತಿಗೆ ಸಡಿಲವಾಗಿತ್ತು, ಗ್ಯಾಸ್ಕೆಟ್ ಅರ್ಧ ತಿಂದುಹೋಗಿತ್ತು. ನೆಟ್ಟಗೆ ಹೋಗುವಾಗ ಹೇಗೋ ಎಣ್ಣೆ ಸಿಗುತ್ತಿತ್ತು. ಉದ್ದ ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಬದಿಗೆ ಓಡಿದಾಗ ಕೊಳವೆ ಗಾಳಿ ಕುಡಿದಿದೆ. ಎರಡನೆಯ ಕನೆಕ್ಟಿಂಗ್ ರಾಡಿನ ಬೇರಿಂಗ್ ಒಣಗಿ ಕರಗಿದೆ. ಅವಳು ಮುಳ್ಳು ಬಿದ್ದದ್ದನ್ನು ನೋಡಿದ ಕೂಡಲೇ ಆಫ್ ಮಾಡದೆ ಇದ್ದಿದ್ದರೆ ರಾಡು ತುಂಡಾಗಿ ಬ್ಲಾಕನ್ನು ಸೀಳಿಕೊಂಡು ಆಚೆ ಬರುತ್ತಿತ್ತು. ಎಂಜಿನ್ ಮುರಿದವಳು ಎಂದು ನಾವು ಯಾರನ್ನು ಅಂದೆವೋ, ಅವಳೇ ಅದನ್ನು ಉಳಿಸಿದವಳು.

ಆ ಕೊಳವೆಯನ್ನು ಕೂರಿಸಿದ್ದು ನಿನ್ನ ಕೈ. ಆ ರೇಸಿನ ವಾರ ನೀನು ಎರಡು ಕಾರುಗಳನ್ನು ಒಟ್ಟಿಗೆ ಕಟ್ಟುತ್ತಿದ್ದೆ, ಸರಿಯಾಗಿ ನಿದ್ದೆ ಮಾಡಿರಲಿಲ್ಲ, ನಿಂತುಕೊಂಡೇ ಉಣ್ಣುತ್ತಿದ್ದೆ. ಕೈ ತಪ್ಪುವುದು ಎಲ್ಲರಿಗೂ ಇದ್ದದ್ದೇ. ಅದಕ್ಕೆ ನಾನು ಬೈಯುವುದಿಲ್ಲ. ನೀನು ಎಂಜಿನ್ ಬಿಚ್ಚಿ ನೋಡದೆಯೇ ಹೊರಟುಹೋದೆ, ನೋಡಿದ್ದರೆ ನಿನಗೂ ತಿಳಿಯುತ್ತಿತ್ತು.

ಈಗ ನನ್ನ ವಿಷಯ ಕೇಳು. ಕೊಳವೆಯನ್ನು ಬಿಚ್ಚಿ, ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಹಿಟ್ಟಿನ ಡ್ರಾಯರಿನಲ್ಲಿ ತಳ್ಳಿಬಿಟ್ಟೆ. ಸಂಜೆ ಕಾತಿಯಾ ಬಂದು ಏನಾಗಿದೆ ಎಂದು ಕೇಳಿದಾಗ, "ಬೇರಿಂಗ್ ಹೋಗಿದೆ, ಅಷ್ಟೆ," ಎಂದೆ. ತಾಯಿಯ ಕೈ ತಾನಾಗಿಯೇ ಹಾಗೆ ಮಾಡುತ್ತದೆ, ಮಗನೇ. ಯೋಚನೆ ಆಮೇಲೆ ಬರುತ್ತದೆ. ಮರುದಿನದಿಂದ ಹಿಟ್ಟು ತೆಗೆಯಲು ಹೋದಾಗಲೆಲ್ಲ ಆ ಗಂಟು ಕೈಗೆ ತಗಲುತ್ತಿತ್ತು. ಕಡೆಗೆ ಮನೆಯಲ್ಲಿ ಹಿಟ್ಟು ಕಲಸುವುದನ್ನೇ ಬಿಟ್ಟೆ, ಬೇಕರಿಯಿಂದ ತಂದೆ. ಕಾತಿಯಾ, "ಅತ್ತೆ, ಮೈ ಸರಿಯಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು.

ಆ ಬೇರಿಂಗ್ ಕೂರುವ ಕ್ರ್ಯಾಂಕ್ ಶಾಫ್ಟನ್ನು ಸಾಣೆಗೆ ಕೊಡಲು ವಾಯ್ನೆರ್ ಹತ್ತಿರ ಒಯ್ದೆ. ನನ್ನ ಜೊತೆ ಪಕ್ಕದ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದವನು, ಈಗ ಸ್ವಂತ ಚಿಕ್ಕ ವರ್ಕ್‌ಶಾಪ್ ಇಟ್ಟಿದ್ದಾನೆ. ಅವನು ಸುಟ್ಟ ಜಾಗದ ಮೇಲೆ ಉಗುರಾಡಿಸಿದ.

"ದಿರ್ಚೆ, ಇದು ಬಾಯಾರಿ ಸತ್ತಿರೋದು ಕಣಮ್ಮ."

"ಗೊತ್ತು."

"ನಿನ್ನ ಸೊಸೆಗೆ ಗೊತ್ತಾ?"

ನಾನು ಅವನ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಓದತೊಡಗಿದೆ. ಅವನು ಮತ್ತೆ ಕೇಳಲಿಲ್ಲ.

ಚಳಿಗಾಲ ಹೀಗೇ ಹೋಯಿತು. ಹೊಸ ಲೈನರು, ಹೊಸ ಪಿಸ್ಟನ್ನು ಬಂದವು. ಮೊದಲಿನದಕ್ಕಿಂತ ಹಗುರ, ಮೊದಲಿನದಕ್ಕಿಂತ ಗಟ್ಟಿ. ಫ್ಲೈವೀಲಿನ ಅಂಚು ಕೆತ್ತಿಸಿ ತೂಕ ಇಳಿಸಿದೆವು. ಹೆಡ್ಡಿನೊಳಗೆ ಗಾಳಿ ಹೋಗುವ ದಾರಿಗಳನ್ನು ಕಾತಿಯಾ ವಾರಗಟ್ಟಲೆ ಉಜ್ಜಿ ನಯ ಮಾಡಿದಳು. ಕೆಲಸ ಮಾಡುವಾಗ ಅವಳು ಹಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ, ಶ್ರುತಿಯಿಲ್ಲದ ಗಂಟಲು. ಆಯಿಲ್ ಚೇಂಬರಿನೊಳಗೆ ಅಡ್ಡತಗಡುಗಳನ್ನು ಬೆಸುಗೆ ಹಾಕಿಸಿದೆವು, ಎಂಥ ತಿರುವಿನಲ್ಲೂ ಎಣ್ಣೆ ಬದಿಗೆ ಓಡಿಹೋಗದೆ ಕೊಳವೆಯ ಬಾಯಲ್ಲೇ ನಿಲ್ಲಲಿ ಎಂದು. ಇಷ್ಟೆಲ್ಲ ಯಾಕೆ ಎಂದು ಅವಳು ಕೇಳಿದಾಗ, ಒಳ್ಳೆಯದಲ್ವಾ, ಇರಲಿ ಎಂದೆ.

ಜಗಳ ಬಂದದ್ದು ಕ್ಯಾಮ್ ಶಾಫ್ಟಿನ ಮೇಲೆ. ಅವಳಿಗೆ ಎತ್ತರದ ಉಬ್ಬಿನದು ಬೇಕಿತ್ತು. ಮೇಲಿನ ವೇಗದಲ್ಲಿ ಗುಡುಗುತ್ತದೆ, ಕೆಳಗಿನ ವೇಗದಲ್ಲಿ ತೊದಲುತ್ತದೆ. ಹಿಡಿತವಿದ್ದವರ ಕೈಗೆ ಮಾತ್ರ ಒಗ್ಗುವಂಥದ್ದು. ನಾನು ಒಂದು ಮಟ್ಟ ಕೆಳಗಿನದು ಸಾಕೆಂದೆ.

"ಗೆಲ್ಲೋಕ್ಕಿಂತ ಮೊದ್ಲು ಮುಗಿಸೋದು ಕಲೀಬೇಕು ಕಣೇ," ಎಂದೆ.

ಅವಳು ಕೈಯಲ್ಲಿದ್ದ ಉಜ್ಜುವ ಅರವನ್ನು ಮೇಜಿನ ಮೇಲಿಟ್ಟಳು. "ಅತ್ತೆ, ಇದೇ ಮಾತನ್ನ ಮಿರ್ಕೊಗೆ ಹೇಳ್ತಿದ್ರಾ?"

"ಅವನ ಮಾತು ಈಗ್ಯಾಕೆ?"

"ಯಾಕಂದ್ರೆ ನೀವೂ ನನ್ನ ನಂಬಲ್ಲ. ನೀವೂ ನಾನೇ ಮುರಿದೆ ಅಂತ್ಲೇ ಅಂದ್ಕೊಂಡಿದೀರಿ. ಪಾಪ, ಒಂಟಿ ಹೆಣ್ಣು, ಏನೋ ಮಾಡ್ಕೋತಾಳೆ, ಮಾಡ್ಕೊಳ್ಲಿ ಅಂತ ಇಷ್ಟು ದಿನ ಜೊತೆಗಿದ್ರಿ. ಅಲ್ವಾ?"

ಅವಳ ದನಿ ಗಟ್ಟಿಯಾಗಿರಲಿಲ್ಲ. ಗಟ್ಟಿಯಾಗಿದ್ದಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ನಾನು ಅಡುಗೆಮನೆಗೆ ಹೋಗಿ, ಡ್ರಾಯರಿನಿಂದ ಆ ಗಂಟನ್ನು ತಂದು ಅವಳ ಮುಂದಿಟ್ಟೆ.

ಅವಳು ಬಟ್ಟೆ ಬಿಚ್ಚಿದಳು. ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು, ಆ ತಿಂದುಹೋದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ಅಳುತ್ತಾಳೆ ಅಂದುಕೊಂಡಿದ್ದೆ. ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡಳು, ಬಹಳ ದಿನದ ಹೊರೆ ಇಳಿಸಿದವರ ಹಾಗೆ.

"ಮುಳ್ಳು ಬಿದ್ದಿತ್ತು ಅತ್ತೆ," ಎಂದಳು. "ನಾನು ಹೇಳ್ದೆ. ಹೇಳ್ತಾನೇ ಇದ್ದೆ. ಆಮೇಲಾಮೇಲೆ ನನಗೇ ಅನುಮಾನ ಬಂತು. ಗೇರು ತಪ್ಪಿಸ್ದೆನೇನೋ, ಭಯಕ್ಕೆ ಮುಳ್ಳು ಅಂತಿದೀನೇನೋ ಅಂತ. ಎರಡು ವರ್ಷದಿಂದ ಕನಸಲ್ಲೂ ಅದೇ ಗೇರು ಹಾಕಿ ಹಾಕಿ ನೋಡ್ತಿದೀನಿ."

ನಾನು ಅವಳ ತಲೆ ಹಿಡಿದು ಹೊಟ್ಟೆಗೆ ಒತ್ತಿಕೊಂಡೆ. ಮುಚ್ಚಿಟ್ಟದ್ದಕ್ಕೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು ಕೇಳಿದ್ದು ಬೇರೆಯೇ.

"ಮಿರ್ಕೊಗೆ ಇದು ಗೊತ್ತಿತ್ತಾ?"

"ಇಲ್ಲ," ಎಂದೆ. "ಅವನು ಬಿಚ್ಚೇ ನೋಡ್ಲಿಲ್ವಲ್ಲ."

"ಹೂಂ. ಗೊತ್ತಿದ್ದಿದ್ರೆ ಹೇಳ್ತಿದ್ದ," ಎಂದಳು. "ಅವನು ಒರಟ, ಸುಳ್ಳ ಅಲ್ಲ."

ಮರುದಿನ ಬೆಳಿಗ್ಗೆ ನಾನು ವಾಯ್ನೆರ್‌ನ ವರ್ಕ್‌ಶಾಪಿಗೆ ಹೋಗಿ ಏಪ್ರನ್ ಕಟ್ಟಿಕೊಂಡೆ. ಅವಳು ಕೇಳಿದ ಎತ್ತರದ ಕ್ಯಾಮನ್ನೇ ಸಾಣೆ ಹಿಡಿದೆ. ಒಂದು ಕೂದಲಿನಷ್ಟೂ ಕಡಿಮೆ ಮಾಡಲಿಲ್ಲ. ವಾಯ್ನೆರ್ ಪಕ್ಕದಲ್ಲಿ ನಿಂತು, "ನಿವೃತ್ತಿ ಆದ್ಮೇಲೂ ಕೈ ಇನ್ನೂ ಚುರುಕಾಗಿದೆಯಲ್ಲೇ ಮುದುಕಿ," ಎಂದ. "ನಿನ್ನ ಕಣ್ಣು ಮಾತ್ರ ಮೊದಲಿಂದ್ಲೂ ಮಬ್ಬೇ," ಎಂದೆ. ನನಗೆ ಅಷ್ಟು ಸಂತೋಷವಾಗಿತ್ತು.

ಜೋಡಿಸುವಾಗ ಎಣ್ಣೆಯ ಕೊಳವೆಯನ್ನು ಕೂರಿಸಿದವಳು ಕಾತಿಯಾ. ಹೊಸ ಕೊಳವೆ. ಬೋಲ್ಟುಗಳ ತಲೆಗೆ ತೂತು ಕೊರೆದು, ಅವು ತಿರುಗದಂತೆ ತಂತಿ ಪೋಣಿಸಿ ಬಿಗಿದಳು. ಬಿಗಿದ ಮೇಲೆ ನನ್ನನ್ನು ಕರೆದು, "ಅತ್ತೆ, ನೀವೊಮ್ಮೆ ನೋಡಿ," ಎಂದಳು. ನಾನು ನೋಡಿದ ಮೇಲೆ ತಾನೂ ಇನ್ನೊಮ್ಮೆ ನೋಡಿದಳು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುವುದು, ಆ ಶೆಡ್ಡಿನಲ್ಲಿ ಅದೇ ನಮ್ಮ ಕ್ರಮವಾಯಿತು. ಇದರಲ್ಲಿ ಅವಮಾನವೇನೂ ಇಲ್ಲ ಎಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಏಪ್ರಿಲ್‌ನಲ್ಲಿ ಮೊದಲ ಸಲ ಚಾಲೂ ಮಾಡಿದೆವು. ಮೊದಲು ಕೆಮ್ಮಿತು, ಸೀನಿತು, ಕಾರ್ಬುರೇಟರಿನಿಂದ ಒಂದು ಬೆಂಕಿಯ ನಾಲಿಗೆ ಚಾಚಿತು. ಕಾತಿಯಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಹಿಡಿಯಿತು ನೋಡು. ಶೆಡ್ಡಿನ ತಗಡೆಲ್ಲ ನಡುಗಿತು. ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದ ಹೊತ್ತು. ಎದುರುಮನೆಯ ಹೆಂಗಸು ಕಿಟಕಿ ತೆಗೆದು, "ದಿರ್ಚೆ, ಮತ್ತೆ ಯುದ್ಧ ಶುರುವಾಯ್ತೇನೇ?" ಎಂದು ಕೂಗಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಎಣ್ಣೆಯ ಮುಳ್ಳನ್ನೇ ನೋಡುತ್ತಿದ್ದೆವು. ಅದು ಎದ್ದು ತನ್ನ ಜಾಗದಲ್ಲಿ ನಿಂತಿತು.

ಇನ್ನು ಭಾನುವಾರದ ವಿಷಯ. ಮಿಸಾನೊದಲ್ಲಿ ಬಿಸಿಲು, ಸಮುದ್ರದ ಕಡೆಯಿಂದ ಗಾಳಿ. ನಮ್ಮನ್ನು ಕಂಡು ಜನ ಗುಸುಗುಸು ಮಾಡಿದರು. ಲೋರಿಸ್ ಟೈರುಗಳ ಮೇಲೆ ಕೂತಿದ್ದ. "ಕಾತಿಯಾ, ಈ ಸಲ ಲಿಪ್‌ಸ್ಟಿಕ್ ಮನೇಲೇ ಬಿಟ್ಟು ಬಂದ್ಯಾ?" ಎಂದ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ, "ಟೈರಿನ ಗಾಳಿ ನೋಡಿ ಕೊಡು ಲೋರಿಸ್, ಅದೊಂದು ನಿನಗೆ ಬರುತ್ತೆ," ಎಂದಳು. ಬಿಗಿದ ಪಟ್ಟಿಯನ್ನೇ ಬಿಚ್ಚಿ ಮತ್ತೆ ಬಿಗಿದಳು. ನನಗೊಬ್ಬಳಿಗೇ ಕಂಡಿದ್ದು.

ಮಧ್ಯದ ಸಾಲಿನಿಂದ ಹೊರಟಳು. ಮೊದಲ ಸುತ್ತುಗಳಲ್ಲಿ ಇಬ್ಬರು ಅವಳನ್ನು ದಾಟಿಹೋದರು. ಆ ಉದ್ದ ತಿರುವು ಬಂದಾಗಲೆಲ್ಲ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸುತ್ತಿದ್ದಳು, ದೂರದಿಂದಲೇ ಸದ್ದಿನಲ್ಲಿ ಕೇಳುತ್ತಿತ್ತು. ನಾನು ತಂತಿಬೇಲಿ ಹಿಡಿದು ನಿಂತಿದ್ದೆ. ಬಿಡಬೇಡ ಕಂದ, ಎಣ್ಣೆ ಇದೆ, ಎಣ್ಣೆ ಇದ್ದೇ ಇರುತ್ತದೆ ಎಂದು ಒಬ್ಬಳೇ ಗೊಣಗುತ್ತಿದ್ದೆ. ಪಕ್ಕದವರು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಇನ್ನೊಂದು ಸುತ್ತು ಬಂತು. ಈ ಸಲ ಸದ್ದು ಇಳಿಯಲಿಲ್ಲ. ಉದ್ದ ತಿರುವಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿನಲ್ಲಿ ಹಾಡಿಕೊಂಡು ಹೋದಳು. ಆ ಎತ್ತರದ ಕ್ಯಾಮಿನ ಸದ್ದು ಹೇಗಿತ್ತೆಂದು ನಿನಗೆ ಹೇಳಲು ನನ್ನ ಹತ್ತಿರ ಮಾತಿಲ್ಲ. ನಿನಗೆ ಮಾತು ಬೇಡವೂ ಬೇಡ, ನಿನಗೆ ಆ ಸದ್ದು ಗೊತ್ತು. ದಾಟಿಹೋದ ಇಬ್ಬರನ್ನೂ ಹಿಂದೆ ಹಾಕಿದಳು, ಅವರ ಮುಂದಿದ್ದ ಒಬ್ಬನನ್ನು ಕೊನೆಯ ಸುತ್ತಿನಲ್ಲಿ ಹಿಡಿದಳು. ಮೂರನೆಯವಳಾಗಿ ಮುಗಿಸಿದಳು. ಗೆಲ್ಲಲಿಲ್ಲ. ಗೆದ್ದವನಿಗೂ ಅವಳಿಗೂ ನಡುವೆ ದೊಡ್ಡ ಅಂತರವೇ ಇತ್ತು.

ಕಾರು ನಿಂತ ಮೇಲೆ ಜನ ಬಾನೆಟ್ಟಿನ ಸುತ್ತ ಸೇರಿದರು. ಲೋರಿಸ್ಸೂ ಬಂದ. ಸ್ವಲ್ಪ ಹೊತ್ತು ಎಂಜಿನ್ ನೋಡಿ, ತಲೆ ಕೆರೆದುಕೊಂಡು, "ಯಾರು ಕಟ್ಟಿದ್ದು?" ಎಂದ.

"ನಾವಿಬ್ರು. ನಾನು, ನಮ್ಮತ್ತೆ."

"ಚೆನ್ನಾಗಿದೆ," ಎಂದ. ಆಮೇಲೆ, ಕೆಣಕಲಿಕ್ಕಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ: "ಅಂದ್ರೆ ಆವತ್ತು ಏನಾಗಿತ್ತು ಇದಕ್ಕೆ? ಬಿಚ್ಚಿದಾಗ ಗೊತ್ತಾಗಿರ್ಬೇಕಲ್ಲ."

ಅಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು, ಮಿರ್ಕೊ. ಆವತ್ತು ನಕ್ಕ ಮುಖಗಳೇ ಹೆಚ್ಚು. ಒಂದು ಮಾತು ಸಾಕಿತ್ತು. ನಿನ್ನ ಹೆಸರು ಹೇಳಿದ್ದರೆ ಅಲ್ಲಿಂದ ನಿನ್ನ ಇಂಗ್ಲೆಂಡಿನವರೆಗೂ ಹೋಗುತ್ತಿತ್ತು. ಹೇಳುವ ಹಕ್ಕು ಅವಳಿಗಿತ್ತು. ಹೇಳಿದ್ದರೆ ನಾನು ತಡೆಯುತ್ತಿರಲಿಲ್ಲ. ತಲೆ ತಗ್ಗಿಸಿ ನಿಲ್ಲುತ್ತಿದ್ದೆ.

ಅವಳು ಕೈಗವಸು ಕಳಚಿದಳು. "ಎಣ್ಣೆ ಸಿಕ್ತಿರ್ಲಿಲ್ಲ. ಅಷ್ಟೆ," ಎಂದಳು. "ಅತ್ತೆ, ಹಸಿವಾಗ್ತಿದೆ. ತಿನ್ನೋಕೆ ಏನಿದೆ?"

ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಅವಳು ನಿದ್ದೆ ಹೋದಳು. ಟ್ರೇಲರ್ ಎಳೆಯುವ ವ್ಯಾನನ್ನು ವಾಯ್ನೆರ್ ಓಡಿಸುತ್ತಿದ್ದ. ನಾನು ನಿನ್ನನ್ನು ನೆನೆಯುತ್ತಿದ್ದೆ. ಚಿಕ್ಕವನಿದ್ದಾಗ ಸೋತರೆ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದೆ. ಎಷ್ಟು ಕರೆದರೂ ಬರುತ್ತಿರಲಿಲ್ಲ. ಕರೆಯುವುದನ್ನು ನಿಲ್ಲಿಸಿದರೆ ತಾನಾಗಿಯೇ ಬಂದು ತಟ್ಟೆಯ ಮುಂದೆ ಕೂರುತ್ತಿದ್ದೆ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಅವಳ ಹತ್ತಿರ ವಾಪಸ್ ಬಾ ಎಂದು ನಾನು ಇದನ್ನು ಬರೆಯುತ್ತಿಲ್ಲ. ಅವಳೂ ಹಾಗೆ ಬಯಸಿಲ್ಲ. ಬೇರೆಯಾಗುವ ಕಾಗದಕ್ಕೆ ಶರತ್ಕಾಲದಲ್ಲಿ ಸಹಿ ಹಾಕುತ್ತಾಳೆ, ನೀನೂ ಹಾಕು. ಮದುವೆ ಮುಗಿದದ್ದು ಒಂದು ಎಂಜಿನ್ನಿನಿಂದ ಎಂದು ನಾನು ನಂಬಿಲ್ಲ. ಕಾರನ್ನು ಅವಳ ಹೆಸರಿಗೆ ಬರೆದುಕೊಟ್ಟಿದ್ದೇನೆ. ನಿನಗೆ ಹೇಳಿ ಮಾಡಬೇಕಿತ್ತೇನೋ, ಹೇಳಲಿಲ್ಲ. ನಿಮ್ಮಪ್ಪ ಇದ್ದಿದ್ದರೆ ಹಾಗೇ ಮಾಡುತ್ತಿದ್ದರು.

ಅವಳಿಗೆ ಒಂದು ಫೋನ್ ಮಾಡು. ಉದ್ದ ಭಾಷಣ ಬೇಡ. "ನೀನು ಹೇಳಿದ್ದು ಸರಿ, ನಾನಂದದ್ದು ತಪ್ಪು." ಇಷ್ಟು ಹೇಳಿ ಇಟ್ಟುಬಿಡು. ಫೋನ್ ಇಡುವುದು ನಿನಗೆ ಹೇಗೂ ಚೆನ್ನಾಗಿ ಬರುತ್ತದೆ.

ಊಟ ಬಿಡಬೇಡ. ಕೆಮ್ಮಿಗೆ ಜೇನುತುಪ್ಪ ತಗೋ. ಆಗಸ್ಟಿನಲ್ಲಿ ರಜೆ ಸಿಕ್ಕರೆ ಬಾ, ನಿನ್ನ ಕೋಣೆಯ ಕಿಟಕಿಗೆ ಬಣ್ಣ ಹೊಡೆಸಿದ್ದೇನೆ.

ನಿನ್ನನ್ನು ಅಪ್ಪಿಕೊಳ್ಳುವ
ಅಮ್ಮ, ದಿರ್ಚೆ

ಮತ್ತೊಂದು ವಿಷಯ: ಮೇಲಿನದನ್ನೆಲ್ಲ ನಿನ್ನೆ ಬರೆದು, ಲಕೋಟೆಗೆ ಅಂಟು ಹಾಕದೆ ಇಟ್ಟಿದ್ದೆ. ಇದನ್ನು ಬರೆಯಲೋ ಬೇಡವೋ ಎಂದು ಇವತ್ತು ಬೆಳಿಗ್ಗೆಯಿಂದ ಕೂತಿದ್ದೇನೆ.

ಬೇರಿಂಗ್ ಕರಗಿದ ಎಂಜಿನ್ನಿನ ಆಯಿಲ್ ಚೇಂಬರಿನಲ್ಲಿ ಲೋಹದ ಚೂರು ಬಿದ್ದಿರುತ್ತದೆ, ಎಣ್ಣೆಯಲ್ಲಿ ಮಿಂಚುತ್ತದೆ. ನಾನು ಬಿಚ್ಚಿದ್ದರಲ್ಲಿ ಒಂದು ಚೂರೂ ಇರಲಿಲ್ಲ. ನನಗಿಂತ ಮೊದಲೇ ಯಾರೋ ಅದನ್ನು ಬಿಚ್ಚಿ, ಬಟ್ಟೆಯಿಂದ ಒರೆಸಿ, ಮತ್ತೆ ಮುಚ್ಚಿದ್ದರು. ಅಂಚಿಗೆ ಹಚ್ಚಿದ ಗ್ಯಾಸ್ಕೆಟ್ ಪೇಸ್ಟಿನ ಮೇಲೆ ಎಣ್ಣೆಯ ಕಲೆಯೇ ಇರಲಿಲ್ಲ, ಹಚ್ಚಿದ ಮೇಲೆ ಎಂಜಿನ್ ಓಡಿಯೇ ಇಲ್ಲದ ಹಾಗೆ. ಕೊಳವೆ ಸಡಿಲವಾಗಿತ್ತು ಎಂದಷ್ಟೇ ಬರೆದೆ. ಅದರ ಎರಡು ಬೋಲ್ಟುಗಳಲ್ಲಿ ಒಂದು ಇರಲೇ ಇಲ್ಲ. ಮುಚ್ಚಿದ ಚೇಂಬರಿನೊಳಗೆ ಕಳಚಿಬಿದ್ದ ಬೋಲ್ಟು ಅಲ್ಲೇ ಬಿದ್ದಿರಬೇಕು. ಹುಡುಕಿದೆ, ಸಿಗಲಿಲ್ಲ. ಆ ರೇಸಿನ ನಂತರದ ದಿನಗಳಲ್ಲಿ ಶೆಡ್ಡಿನ ಬೀಗದ ಕೈ ಇದ್ದದ್ದು ನನ್ನ ಹತ್ತಿರ ಒಂದು, ನಿನ್ನ ಹತ್ತಿರ ಒಂದು.

ನೀನು ಬಿಚ್ಚಿ ನೋಡಲಿಲ್ಲ ಎಂದು ಮೇಲೆ ಬರೆದದ್ದು ನೀನು ಇಲ್ಲಿಯವರೆಗೆ ಓದಲಿ ಎಂದು.

ಕಾತಿಯಾಳಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಅದು ನೀನು ಹೇಳಬೇಕಾದದ್ದು. ಈ ತಿಂಗಳೆಲ್ಲ ಅವಳಿಗೆ ಬೆಳಗಿನ ಪಾಳಿ. ಮಧ್ಯಾಹ್ನದ ಮೇಲೆ ಮನೆಯಲ್ಲಿರುತ್ತಾಳೆ.